ಗೋರ್ಲಿಟ್ಸ್, ಮ್ಯೂನಿಕ್, ಉಲ್ಮ್: ಒಂದೇ ಕ್ಯಾಮೆರಾದ ಮೇಲೆ ನಾಲ್ಕು ಹಳೇ ಜರ್ಮನ್ ಹೆಸರುಗಳು

ಹಳೇ ಜರ್ಮನ್ ಲೆನ್ಸು ಅಂದ ತಕ್ಷಣ ಎಲ್ಲರ ಬಾಯಲ್ಲಿ ಬರುವುದು ಎರಡೇ ಹೆಸರು, ಝೈಸ್ ಮತ್ತು ಲೈಕಾ. ಅವುಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಬೇಕು ಅಂದುಕೊಂಡಿರುವುದು ಅದೇ ಕಾಲದಲ್ಲಿ, ಅದೇ ದೇಶದಲ್ಲಿ ಅವುಗಳ ಪಕ್ಕದಲ್ಲೇ ಕೆಲಸ ಮಾಡಿದ, ಈಗ ಹೆಸರು ಹೇಳಿದರೆ "ಅದ್ಯಾವುದು?" ಅಂತ ಜನ ಕೇಳುವ ಕಂಪನಿಗಳ ಬಗ್ಗೆ. ಮೇಯರ್, ಸ್ಟೈನ್‌ಹೈಲ್, ಶಾಖ್ಟ್, ಎನ್ನಾ. ಈ ನಾಲ್ಕರ ಲೆನ್ಸುಗಳನ್ನು ಎರಡು ವರ್ಷದಿಂದ ಕೊಂಡು, ಎರವಲು ತಂದು, ಒಂದರ ಪಕ್ಕ ಒಂದಿಟ್ಟು ಫೋಟೋ ತೆಗೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಜನ ಮೇಯರ್ ಹಿಂದೆ ಓಡುತ್ತಿದ್ದಾರೆ, ನನ್ನ ಮನಸ್ಸು ಗೆದ್ದದ್ದು ಶಾಖ್ಟ್.

ಈ ಆಸಕ್ತಿ ಶುರುವಾಗಿದ್ದು ಶಿವಮೊಗ್ಗದ ಮನೆಯಲ್ಲಿ. ಚಿಕ್ಕಪ್ಪನ ಹತ್ತಿರ ಒಂದು ಪ್ರಾಕ್ಟಿಕಾ ಕ್ಯಾಮೆರಾ ಇತ್ತು, ಅದರ ಮೇಲೆ ಪೆಂಟಕಾನ್ 50 ಮಿಮೀ ಎಫ್ 1.8 (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಬರುವ ತೂತು ದೊಡ್ಡದು). ನಮ್ಮ ಮನೆಯ ಎಲ್ಲ ಮದುವೆ, ಮುಂಜಿ, ನಾಮಕರಣಗಳೂ ಆ ಒಂದು ಲೆನ್ಸಿನ ಮೂಲಕವೇ ಹಾದುಹೋಗಿವೆ. ಕೆಲಸಕ್ಕೆ ಅಂತ ಮ್ಯೂನಿಕ್‌ಗೆ ಬಂದ ಮೇಲೆ ಗೊತ್ತಾಯಿತು, ಆ ಲೆನ್ಸಿನ ತವರು ಪೆಂಟಕಾನ್ ಅಲ್ಲ, ಗೋರ್ಲಿಟ್ಸ್ ಊರಿನ ಮೇಯರ್ ಕಂಪನಿ. ಅಲ್ಲಿ ಅದರ ಹೆಸರು ಓರೆಸ್ಟನ್. 1968ರಲ್ಲಿ ಪೂರ್ವ ಜರ್ಮನಿಯಲ್ಲಿ ಮೇಯರ್ ಕಂಪನಿಯನ್ನು ಪೆಂಟಕಾನ್ ಒಳಗೆ ಸೇರಿಸಿದರು. ಆಮೇಲೆ ಲೆನ್ಸಿನ ಮೇಲಿನ ಹೆಸರು ಬದಲಾಯಿತು, ವಿನ್ಯಾಸ ಹಾಗೇ ಉಳಿಯಿತು. ನಲವತ್ತು ವರ್ಷ ಮನೆಯಲ್ಲಿದ್ದ ವಸ್ತುವಿಗೆ ಇನ್ನೊಂದು ಹೆಸರಿತ್ತು ಅಂತ ತಿಳಿದ ದಿನ ರಾತ್ರಿ ಚಿಕ್ಕಪ್ಪನಿಗೆ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದ್ದೆ.

ಹೇಗೆ ಹೋಲಿಸಿದೆ ಅಂತ ಮೊದಲು ಹೇಳುತ್ತೇನೆ. ಈ ಲೆನ್ಸುಗಳು ಹೆಚ್ಚಾಗಿ ಎರಡು ಮೌಂಟಿನಲ್ಲಿ, ಅಂದರೆ ಕ್ಯಾಮೆರಾಗೆ ಕೂರುವ ಎರಡು ಬಗೆಯ ಬುಡದಲ್ಲಿ, ಸಿಗುತ್ತವೆ. ಒಂದು ಎಂ42, ಅಂದರೆ 42 ಮಿಮೀ ಅಗಲದ ಸ್ಕ್ರೂ, ಡಬ್ಬಿ ಮುಚ್ಚಳದ ಹಾಗೆ ತಿರುಗಿಸಿ ಹಾಕುವುದು. ಇನ್ನೊಂದು ಎಕ್ಸಾಕ್ಟಾ, ಡ್ರೆಸ್ಡೆನ್‌ನ ಇಹಾಗೆ ಕಂಪನಿಯ ಬಯೊನೆಟ್, ಒಳಗಿಟ್ಟು ಸ್ವಲ್ಪ ತಿರುಗಿಸಿದರೆ ಕೂರುವಂಥದ್ದು. ಎರಡರಲ್ಲೂ ಲೆನ್ಸಿನ ಬುಡದಿಂದ ಫಿಲ್ಮಿಗೆ ಸುಮಾರು 45 ಮಿಮೀ ದೂರ, ಯಾಕೆಂದರೆ ನಡುವೆ ಕನ್ನಡಿ ಆಡಬೇಕು. ಕನ್ನಡಿಯೇ ಇಲ್ಲದ ನನ್ನ ಮಿರರ್‌ಲೆಸ್ ಕ್ಯಾಮೆರಾದಲ್ಲಿ ಆ ದೂರ ಬರೀ 18 ಮಿಮೀ. ಮಿಕ್ಕ 27 ಮಿಮೀ ತುಂಬಿಸುವುದಕ್ಕೆ ಒಂದು ಖಾಲಿ ಲೋಹದ ಕೊಳವೆ ಸಾಕು. ಅದೇ ಅಡಾಪ್ಟರ್. ಒಳಗೆ ಗಾಜಿಲ್ಲ, ಹಾಗಾಗಿ ಲೆನ್ಸಿನ ಗುಣ ಒಂಚೂರೂ ಬದಲಾಗುವುದಿಲ್ಲ. ವೆಸ್ಟ್‌ಪಾರ್ಕಿನಲ್ಲಿ ಒಂದು ಬೆಂಚು ಆರಿಸಿಕೊಂಡೆ. ಅದರ ಹಿಂದೆ ಲಿಂಡನ್ ಮರಗಳ ಸಾಲು, ಸಂಜೆ ಬಿಸಿಲು ಎಲೆಗಳ ಸಂದಿಯಿಂದ ತೂತು ತೂತಾಗಿ ಬರುತ್ತದೆ. ಟ್ರೈಪಾಡ್ ಅದೇ ಜಾಗದಲ್ಲಿ, ಐಎಸ್‌ಓ ಮತ್ತು ವೈಟ್ ಬ್ಯಾಲೆನ್ಸ್ ಅದೇ, ಪ್ರತಿ ಲೆನ್ಸಿನಲ್ಲೂ ಪೂರ್ತಿ ತೆರೆದು ಒಂದು, ಆಮೇಲೆ ಎಫ್ 4, 5.6, 8ರಲ್ಲಿ ಒಂದೊಂದು. ಸುಮ್ನೆ ಅಂದಾಜಿನ ಮೇಲೆ ಮಾತಾಡಬಾರದು ಅಂತ ಇಷ್ಟು ಕಷ್ಟಪಟ್ಟೆ.

ಸೋಪಿನ ಗುಳ್ಳೆಯಿಂದ ಶುರು ಮಾಡೋಣ, ಎಲ್ಲರೂ ಕೇಳುವುದು ಅದನ್ನೇ. ಮೇಯರ್ ಟ್ರಿಯೋಪ್ಲಾನ್ 100 ಮಿಮೀ ಎಫ್ 2.8 ಹಾಕಿ, ಹಿಂದೆ ಬೆಳಕಿನ ಚುಕ್ಕಿಗಳಿರುವ ಕಡೆ ಫೋಟೋ ತೆಗೆದರೆ ಪ್ರತಿ ಚುಕ್ಕಿಯೂ ಒಂದು ಗುಳ್ಳೆಯಾಗುತ್ತದೆ. ನಡುವೆ ಖಾಲಿ, ಅಂಚಿನಲ್ಲಿ ತೆಳ್ಳಗೆ ಹೊಳೆಯುವ ಗೆರೆ. ಇದು ಪವಾಡ ಅಲ್ಲ. ಟ್ರಿಯೋಪ್ಲಾನ್ ಒಳಗೆ ಮೂರೇ ಗಾಜು, ಬ್ರಿಟನ್ನಿನ ಡೆನ್ನಿಸ್ ಟೇಲರ್ 1893ರಲ್ಲಿ ಮಾಡಿದ ಕುಕ್ ಟ್ರಿಪ್ಲೆಟ್ ದಾರಿಯಲ್ಲೇ ಬಂದದ್ದು. ಮೂರು ಗಾಜಿನಲ್ಲಿ ಎಲ್ಲ ದೋಷವನ್ನೂ ತೆಗೆಯಲು ಆಗುವುದಿಲ್ಲ. ಇಲ್ಲಿ ಗೋಳದೋಷವನ್ನು, ಅಂದರೆ ಗಾಜಿನ ನಡುವಿನಿಂದ ಮತ್ತು ಅಂಚಿನಿಂದ ಬಂದ ಬೆಳಕು ಒಂದೇ ಕಡೆ ಸೇರದಿರುವುದನ್ನು, ಸರಿಪಡಿಸಲು ಹೋಗಿ ಸ್ವಲ್ಪ ಜಾಸ್ತಿಯೇ ಸರಿಪಡಿಸಿದ್ದಾರೆ, ಹಾಗಾಗಿ ಫೋಕಸಿನ ಹಿಂದಿರುವ ಬೆಳಕೆಲ್ಲ ವೃತ್ತದ ಅಂಚಿಗೆ ಹೋಗಿ ಕೂರುತ್ತದೆ. ಫೋಕಸಿನ ಮುಂದಿರುವ ಬೆಳಕಿಗೆ ಇದರ ಉಲ್ಟಾ, ನಡುವೆ ಹೊಳಪು, ಅಂಚು ಮಸುಕು. ಅದಕ್ಕೇ ಗುಳ್ಳೆ ಬೇಕಾದರೆ ದೀಪ, ಇಬ್ಬನಿ, ಎಲೆಯ ಸಂದಿ ಎಲ್ಲ ಹಿಂದೆಯೇ ಇರಬೇಕು. ಮುಂದಿಟ್ಟು ತೆಗೆದು, ನನ್ನ ಲೆನ್ಸಿನಲ್ಲಿ ಗುಳ್ಳೆ ಬರುತ್ತಿಲ್ಲ ಅಂತ ಬೇಜಾರು ಮಾಡಿಕೊಂಡವರನ್ನು ನಾನು ನೋಡಿದ್ದೇನೆ.

100 ಮಿಮೀ ಟ್ರಿಯೋಪ್ಲಾನ್ ಅನ್ನು ಆಫೀಸಿನ ಗೆಳೆಯನಿಂದ ಮೂರು ವಾರಕ್ಕೆ ಎರವಲು ತಂದಿದ್ದೆ. ಅದಕ್ಕೀಗ ನೂರಾರು ಯೂರೋ ಬೆಲೆ. ಅಷ್ಟು ಕೊಡುವ ಮನಸ್ಸು ನನಗಿರಲಿಲ್ಲ. ಹಾಗಾಗಿ ನಿಜವಾದ ಪೈಪೋಟಿ ನಡೆದದ್ದು 50 ಮಿಮೀಯಲ್ಲಿ, ಮೂರು ಗಾಜಿನ ಮೂರು ಲೆನ್ಸುಗಳ ನಡುವೆ: ಮೇಯರ್ ಟ್ರಿಯೋಪ್ಲಾನ್ 50 ಮಿಮೀ ಎಫ್ 2.9, ಸ್ಟೈನ್‌ಹೈಲ್ ಕಸ್ಸಾರ್ ಎಸ್ 50 ಮಿಮೀ ಎಫ್ 2.8, ಮತ್ತೆ ಡ್ರೆಸ್ಡೆನ್ ಕಡೆಯ ಲುಡ್ವಿಗ್ ಕಂಪನಿಯ ಮೆರಿಟಾರ್ 50 ಮಿಮೀ ಎಫ್ 2.9. ಮೆರಿಟಾರ್ ಆಗ ಎಕ್ಸಾ, ಪ್ರಾಕ್ಟಿಕಾ ಕ್ಯಾಮೆರಾಗಳ ಜೊತೆ ಕಡಿಮೆ ಬೆಲೆಗೆ ಬರುತ್ತಿದ್ದ ಲೆನ್ಸು.

ಮೂರರಲ್ಲೂ ಗುಳ್ಳೆ ಬಂತು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಗುಳ್ಳೆ ಟ್ರಿಯೋಪ್ಲಾನ್‌ನ ಆಸ್ತಿ ಅನ್ನುವ ನಂಬಿಕೆ ಬಲವಾಗಿ ಬೇರೂರಿದೆ. ಗುಳ್ಳೆಯ ಗಾತ್ರ ಮಾತ್ರ 100 ಮಿಮೀಯಷ್ಟು ದೊಡ್ಡದು ಬರುವುದಿಲ್ಲ. 100ನ್ನು 2.8ರಿಂದ ಭಾಗಿಸಿದರೆ ಬೆಳಕಿನ ಬಾಗಿಲು ಸುಮಾರು 36 ಮಿಮೀ, 50 ಆದರೆ 18 ಮಿಮೀ. ಬಾಗಿಲು ಚಿಕ್ಕದು, ಗುಳ್ಳೆಯೂ ಚಿಕ್ಕದು. ಆದ್ದರಿಂದ ಹೂವಿಗೋ ಎಲೆಗೋ ಆದಷ್ಟು ಹತ್ತಿರ ಹೋಗಿ ತೆಗೆಯಬೇಕು, ಆಗ ಹಿನ್ನೆಲೆ ಕರಗಿ ಗುಳ್ಳೆ ದೊಡ್ಡದಾಗುತ್ತದೆ. ಅಂಚಿನ ಗೆರೆ ಅತಿ ಸ್ಪಷ್ಟವಾಗಿ ಬಂದದ್ದು ಟ್ರಿಯೋಪ್ಲಾನ್‌ನಲ್ಲೇ, ಬಳೆ ಜೋಡಿಸಿಟ್ಟ ಹಾಗೆ. ಕಸ್ಸಾರ್‌ನಲ್ಲಿ ಗೆರೆ ಸ್ವಲ್ಪ ಮೃದು. ಆದರೆ ನಡುವಿನ ವಸ್ತು, ಅಂದರೆ ನಾವು ಫೋಕಸ್ ಮಾಡಿದ ಎಲೆ, ಕಸ್ಸಾರ್‌ನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಎಫ್ 4ಕ್ಕೆ ತಂದರೆ ಎಲೆಯ ನರಗಳೆಲ್ಲ ಎದ್ದು ಕಾಣುತ್ತವೆ, ಬಣ್ಣವೂ ತುಂಬಿಕೊಂಡಿರುತ್ತದೆ. ಟ್ರಿಯೋಪ್ಲಾನ್‌ನಲ್ಲಿ ಅದೇ ಎಲೆಯ ಮೇಲೆ ಹಾಲಿನ ಪೊರೆಯಂಥ ಒಂದು ಮಂಜು ಇರುತ್ತದೆ. ಕೆಲವರಿಗೆ ಅದೇ ಇಷ್ಟ. ನನಗೆ ದಿನಾ ಬಳಸುವ ಲೆನ್ಸಿನಲ್ಲಿ ಅದು ಬೇಡ. ಮೆರಿಟಾರ್‌ನಲ್ಲಿ ಬಣ್ಣ ತೆಳು, ಮೂಲೆಗಳು ಎಫ್ 8ರವರೆಗೂ ಮಸುಕು. ಬಿಸಿಲಿಗೆ ಎದುರಾಗಿ ಹಿಡಿದರೆ ಚಿತ್ರ ಪೂರ್ತಿ ಬಿಳಚಿಕೊಳ್ಳುತ್ತದೆ. ಹದಿನೈದು ಯೂರೋಗೆ ಸಿಕ್ಕಿದ್ದು, ಗುಳ್ಳೆ ಹೇಗಿರುತ್ತದೆ ಅಂತ ನೋಡಲು ಸಾಕು, ಅದಕ್ಕಿಂತ ಮುಂದೆ ಬೇಡ.

ಮೂರು ಗಾಜಿನ ಲೆನ್ಸಿಗೆ ಇನ್ನೊಂದು ಅನುಕೂಲ ಇದೆ. ಒಳಗಿನ ಗಾಜುಗಳನ್ನು ಒಂದಕ್ಕೊಂದು ಅಂಟಿಸಿರುವುದಿಲ್ಲ. ಅಂಟಿಸಿದ ಲೆನ್ಸುಗಳಲ್ಲಿ ಅರವತ್ತು ವರ್ಷ ಆದ ಮೇಲೆ ಅಂಟು ಬಿಟ್ಟುಕೊಂಡು ಅಂಚಿನಲ್ಲಿ ಕಾಮನಬಿಲ್ಲಿನಂಥ ಪಟ್ಟಿ ಕಾಣಿಸಿಕೊಳ್ಳುವುದುಂಟು. ಇಲ್ಲಿ ಅಂಟೇ ಇಲ್ಲ, ಆ ತಲೆನೋವೂ ಇಲ್ಲ.

ಇನ್ನು ಮುಖದ ಫೋಟೋ. ಸ್ಟೈನ್‌ಹೈಲ್ ಬಗ್ಗೆ ನಾಲ್ಕು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯದ ಪಕ್ಕದಲ್ಲಿ ಸ್ಟೈನ್‌ಹೈಲ್ ರಸ್ತೆ ಅಂತ ಇದೆ. ಎಷ್ಟೋ ಸಲ ಅಲ್ಲಿ ಓಡಾಡಿದ್ದೆ, ಹೆಸರಿನ ಹಿಂದೆ ಏನಿದೆ ಅಂತ ಗೊತ್ತೇ ಇರಲಿಲ್ಲ. ಕಾರ್ಲ್ ಆಗಸ್ಟ್ ಸ್ಟೈನ್‌ಹೈಲ್ ಭೌತವಿಜ್ಞಾನಿ. 1838ರಲ್ಲಿ ಟೆಲಿಗ್ರಾಫಿಗೆ ವಾಪಸ್ಸು ಬರುವ ತಂತಿ ಬೇಡ, ನೆಲವೇ ಆ ಕೆಲಸ ಮಾಡುತ್ತದೆ ಅಂತ ತೋರಿಸಿಕೊಟ್ಟವರು. ಅದರ ಮರುವರ್ಷದ ಸುಮಾರಿಗೆ ಗೆಳೆಯ ಫ್ರಾಂಟ್ಸ್ ಫಾನ್ ಕೋಬೆಲ್ ಜೊತೆ ಸೇರಿ ಮ್ಯೂನಿಕ್‌ನ ಫ್ರೌವನ್‌ಕಿರ್ಖೆ ಚರ್ಚಿನ ಫೋಟೋ ತೆಗೆದರು. ಜರ್ಮನಿಯ ಮೊಟ್ಟಮೊದಲ ಫೋಟೋಗಳಲ್ಲಿ ಅದೂ ಒಂದು. ಮಗ ಅಡಾಲ್ಫ್ 1866ರಲ್ಲಿ ಅಪ್ಲಾನಾಟ್ ಅನ್ನುವ ಲೆನ್ಸು ಮಾಡಿದರು. ಅಪ್ಪ ಮಗನ ಈ ಕಂಪನಿಯೇ ಮುಂದೆ ನೂರು ವರ್ಷದಷ್ಟು ಕಾಲ ಕ್ಯಾಮೆರಾ ಲೆನ್ಸು ಮಾಡಿತು.

ಆ ಮನೆಯ ಕುಲ್ಮಿನಾರ್ 85 ಮಿಮೀ ಎಫ್ 2.8 ಲೆನ್ಸನ್ನು 60 ಯೂರೋಗೆ ತಗೊಂಡೆ. ಎದುರಿಗೆ ಶಾಖ್ಟ್ ಟ್ರಾವೆನಾರ್ 90 ಮಿಮೀ ಎಫ್ 2.8 ಮತ್ತು ಮೇಯರ್ ಓರೆಸ್ಟೋರ್ 135 ಮಿಮೀ ಎಫ್ 2.8. ಹೋದ ವರ್ಷ ಅಮ್ಮ ಮೂರು ತಿಂಗಳು ನಮ್ಮ ಜೊತೆ ಇದ್ದರು. ಅಡುಗೆಮನೆಯ ಕಿಟಕಿ ಪಕ್ಕ ಕೂರಿಸಿ ಮೂರು ಲೆನ್ಸಿನಲ್ಲೂ ತೆಗೆದೆ. ಅಮ್ಮನ ಮೂಗುತಿಯಲ್ಲಿ ಏಳು ಹರಳು. ಆ ಏಳು ಹರಳೇ ನನಗೆ ಪರೀಕ್ಷೆಯ ಹಲಗೆ ಆಯಿತು. ಕುಲ್ಮಿನಾರ್ ಪೂರ್ತಿ ತೆರೆದಾಗ ಹರಳುಗಳ ಸುತ್ತ ಒಂದು ಮೆತ್ತನೆಯ ಬೆಳಕಿನ ಉಂಗುರ, ಏಳೂ ಸೇರಿ ಒಂದೇ ಹೊಳಪು, ಕೆನ್ನೆಯ ಚರ್ಮ ಬೆಣ್ಣೆಯ ಹಾಗೆ. ಎಫ್ 4ಕ್ಕೆ ತಂದ ತಕ್ಷಣ ಉಂಗುರ ಮಾಯ, ಒಂದೊಂದು ಹರಳನ್ನೂ ಎಣಿಸಬಹುದು, ಆದರೂ ಕಣ್ಣ ಕೆಳಗಿನ ಸುಕ್ಕುಗಳು ಒರಟಾಗಿ ಕಾಣುವುದಿಲ್ಲ. ಟ್ರಾವೆನಾರ್ ಎಫ್ 2.8ರಲ್ಲೇ ಏಳು ಹರಳನ್ನೂ ಬಿಡಿಸಿ ತೋರಿಸಿತು. ಕಾಂಟ್ರಾಸ್ಟ್ ಜಾಸ್ತಿ, ಅಮ್ಮನ ರೇಷ್ಮೆ ಸೀರೆಯ ಹಸಿರು ಅಂಚು ಇದ್ದ ಹಾಗೇ ಬಂತು, ಕುಲ್ಮಿನಾರ್‌ನಲ್ಲಿ ಅದು ಸ್ವಲ್ಪ ಮಂಕು. ಓರೆಸ್ಟೋರ್‌ಗೆ ನಮ್ಮ ಅಡುಗೆಮನೆ ಸಾಲಲಿಲ್ಲ, ನಾನು ಹಜಾರಕ್ಕೆ ಹೋಗಿ ನಿಲ್ಲಬೇಕಾಯಿತು. ಆದರೆ ಪಾರ್ಕಿನಲ್ಲಿ ಅದರ ಕೆಲಸವೇ ಬೇರೆ. ಅದರ ಪ್ರಿಸೆಟ್ ಮಾದರಿಯಲ್ಲಿ ಅಪರ್ಚರಿಗೆ, ಅಂದರೆ ಬೆಳಕಿನ ಬಾಗಿಲಿಗೆ, 15 ಬ್ಲೇಡು, ಎಷ್ಟು ಮುಚ್ಚಿದರೂ ತೂತು ದುಂಡಗೇ ಇರುತ್ತದೆ. ಹಿನ್ನೆಲೆಯ ಮರಗಳು ನೀರಿಗೆ ಬಿದ್ದ ಬಣ್ಣದ ಹಾಗೆ ಹರಡಿಕೊಂಡವು.

ಪ್ರಿಸೆಟ್ ಅಂದರೆ ಏನು ಅಂತ ಹೊಸಬರು ಕೇಳುತ್ತಾರೆ. ಲೆನ್ಸಿನ ಮೇಲೆ ಎರಡು ಉಂಗುರ. ಒಂದರಲ್ಲಿ ಬೇಕಾದ ಅಪರ್ಚರ್ ಇಟ್ಟುಕೊಳ್ಳುವುದು, ಇನ್ನೊಂದನ್ನು ತಿರುಗಿಸಿ ಪೂರ್ತಿ ತೆರೆದು ಫೋಕಸ್ ಮಾಡುವುದು, ಆಮೇಲೆ ಕಣ್ಣು ತೆಗೆಯದೆ ಅದೇ ಉಂಗುರವನ್ನು ಗುರುತಿಗೆ ಬರುವ ತನಕ ತಿರುಗಿಸಿ ಫೋಟೋ ತೆಗೆಯುವುದು. ಎರಡು ದಿನ ಕಷ್ಟ, ಆಮೇಲೆ ಬೆರಳಿಗೇ ಗೊತ್ತಿರುತ್ತದೆ.

ಮುಖಕ್ಕೆ ನನ್ನ ಆಯ್ಕೆ ಕುಲ್ಮಿನಾರ್. ಟ್ರಾವೆನಾರ್ ಅದಕ್ಕಿಂತ ಒಳ್ಳೆಯ ಲೆನ್ಸು ಅನ್ನುವುದನ್ನು ಒಪ್ಪಿಕೊಂಡೇ ಹೇಳುತ್ತಿದ್ದೇನೆ. ಅಮ್ಮ ಊರಿಗೆ ಹೋಗುವಾಗ ಪ್ರಿಂಟ್ ಮಾಡಿಸಿಕೊಂಡು ಹೋದದ್ದು ಕುಲ್ಮಿನಾರ್ ಎಫ್ 4ರ ಫೋಟೋವನ್ನೇ, ನಾನು ಏನೂ ಹೇಳಿಕೊಟ್ಟಿರಲಿಲ್ಲ.

ಈಗ ಶಾಖ್ಟ್. ಆಲ್ಫ್ರೆಡ್ ಶಾಖ್ಟ್ ಯುದ್ಧ ಮುಗಿದ ಮೇಲೆ, 1948ರಲ್ಲಿ, ಮ್ಯೂನಿಕ್‌ನಲ್ಲಿ ಕಂಪನಿ ಶುರು ಮಾಡಿದರು, 1954ರಲ್ಲಿ ಡ್ಯಾನ್ಯೂಬ್ ದಡದ ಉಲ್ಮ್‌ಗೆ ಹೋದರು. ಇಡೀ ಕಂಪನಿಯ ಆಯಸ್ಸು ಸುಮಾರು ಎರಡು ದಶಕ, ಅಷ್ಟೇ. ಇಷ್ಟು ಸಣ್ಣ ಕಂಪನಿಗೆ ಲೆನ್ಸು ಲೆಕ್ಕ ಹಾಕಿಕೊಟ್ಟವರು ಲುಡ್ವಿಗ್ ಬೆರ್ಟೆಲೆ. ಎರ್ನೋಸ್ಟಾರ್, ಸೊನ್ನಾರ್, ಬಿಯೋಗಾನ್ ಅನ್ನುವ ಹೆಸರಾಂತ ಲೆನ್ಸುಗಳನ್ನು ಮಾಡಿದ ಅದೇ ಬೆರ್ಟೆಲೆ! ಸೊನ್ನಾರ್ ಅಂದರೆ ದುಡ್ಡು ಸುರಿಯುವ ಜನ, ಅದೇ ಕೈಯಿಂದ ಬಂದ ಟ್ರಾವೆನಾರ್ ಪಕ್ಕದ ಮೇಜಿನಲ್ಲಿ ಧೂಳು ಹಿಡಿದು ಕೂತಿದ್ದರೂ ತಿರುಗಿ ನೋಡುವುದಿಲ್ಲ. ನನಗೆ ಇದು ನಿಜಕ್ಕೂ ಸಂಕಟ.

ನನ್ನ ಹತ್ತಿರ ಇರುವುದು ಎಂ-ಟ್ರಾವೆನಾರ್ 50 ಮಿಮೀ ಎಫ್ 2.8. ಎಂ ಅಂದರೆ ಮ್ಯಾಕ್ರೋ. ಬೇರೆ ಟ್ಯೂಬು, ಬೆಲ್ಲೋಸ್ ಏನೂ ಬೇಡ, ಫೋಕಸ್ ಉಂಗುರ ತಿರುಗಿಸುತ್ತಾ ಹೋದರೆ ಲೆನ್ಸು ಮುಂದೆ ಮುಂದೆ ಬಂದು ಒಂದಕ್ಕೊಂದು ಪ್ರಮಾಣದ ತನಕ ಹೋಗುತ್ತದೆ. ಅಂದರೆ ವಸ್ತುವಿನ ಅಳತೆಯೇ ಸೆನ್ಸರ್ ಮೇಲಿನ ಅಳತೆ. ಸೆನ್ಸರ್ 36 ಮಿಮೀ ಅಗಲ, ಹಾಗಾದರೆ 36 ಮಿಮೀ ಅಗಲದ ವಸ್ತು ಚಿತ್ರದ ತುಂಬ. ಒಗ್ಗರಣೆ ಡಬ್ಬಿಯಿಂದ ಸಾಸಿವೆ ತೆಗೆದು ಕಪ್ಪು ತಟ್ಟೆಯಲ್ಲಿ ಸಾಲಾಗಿ ಜೋಡಿಸಿದೆ. ಈ ಬದಿಯಿಂದ ಆ ಬದಿಗೆ 18 ಕಾಳು ಹಿಡಿಸಿದವು. ಪ್ರತಿ ಕಾಳಿನ ಸಿಪ್ಪೆಯ ಮೇಲೂ ಜೇನುಗೂಡಿನಂಥ ಬಲೆ ಇರುತ್ತದೆ. ಇಷ್ಟು ವರ್ಷ ದಿನಾ ಒಗ್ಗರಣೆ ಹಾಕಿದ್ದರೂ ನಾನು ಅದನ್ನು ನೋಡಿಯೇ ಇರಲಿಲ್ಲ. ಎಫ್ 8ರಲ್ಲಿ ಆ ಬಲೆಯ ಒಂದೊಂದು ಕಣ್ಣೂ ಲೆಕ್ಕಕ್ಕೆ ಸಿಗುವಷ್ಟು ಸ್ಪಷ್ಟ. ಒಂದು ವಿಷಯ ನೆನಪಿರಲಿ, ಇಷ್ಟು ಹತ್ತಿರ ಹೋದಾಗ ಲೆನ್ಸು 50 ಮಿಮೀ ಮುಂದೆ ಚಾಚಿಕೊಂಡಿರುತ್ತದೆ, ಬೆಳಕು ಎರಡು ಸ್ಟಾಪ್ ಕಡಿಮೆಯಾಗುತ್ತದೆ, ಅಂದರೆ ಕಾಲು ಭಾಗಕ್ಕೆ ಇಳಿಯುತ್ತದೆ. ಎಫ್ 8 ಇಟ್ಟರೂ ಬೆಳಕಿನ ಲೆಕ್ಕದಲ್ಲಿ ಅದು ಎಫ್ 16.

ಕೈಗೆ ತಗೊಂಡರೆ ಶಾಖ್ಟ್‌ನ ಬೆಲೆ ಗೊತ್ತಾಗುತ್ತದೆ. ಗುರುತುಗಳೆಲ್ಲ ಕೆತ್ತಿ ಬಣ್ಣ ತುಂಬಿದ್ದು, ಉಂಗುರ ತಿರುಗಿಸಿದರೆ ಜೇನಿನೊಳಗೆ ಚಮಚ ತಿರುಗಿಸಿದ ಹಾಗೆ, ಎಲ್ಲೂ ಸಡಿಲ ಇಲ್ಲ. ಹೂವಿಗೆ, ಕೀಟಕ್ಕೆ, ಅಡುಗೆಗೆ, ರಸ್ತೆಗೆ ಅದನ್ನೇ ಹಾಕಿಕೊಂಡು ಹೋಗುತ್ತೇನೆ. ಇದಕ್ಕೆ ಎದುರಾಳಿ ಅಂದರೆ ಹೈನ್ಸ್ ಕಿಲ್‌ಫಿಟ್ 1955ರಲ್ಲಿ ಹೊರತಂದ ಮ್ಯಾಕ್ರೋ-ಕಿಲಾರ್. ಅದು ನನ್ನ ಜೇಬಿಗೆ ಎಟುಕುವುದಿಲ್ಲ, ಹಾಗಾಗಿ ಹೋಲಿಸುವ ಮಾತಿಲ್ಲ. ಎಂ-ಟ್ರಾವೆನಾರ್‌ಗೆ ನಾನು ಕೊಟ್ಟದ್ದು 90 ಯೂರೋ.

ಎನ್ನಾ ಮ್ಯೂನಿಕ್‌ದೇ ಕಂಪನಿ. ಹೆಸರು ಕೇಳಿದಾಗಲೆಲ್ಲ ವಚನದ "ಎನ್ನ" ನೆನಪಾಗಿ ನನಗೆ ಅದರ ಮೇಲೆ ಸ್ವಲ್ಪ ಜಾಸ್ತಿ ಅಕ್ಕರೆ. ವೈಡ್ ಲೆನ್ಸುಗಳಿಗೆ ಲಿಥಾಗಾನ್ ಅಂತಲೂ, ಟೆಲಿಗೆ ಟೆಲೆ-ಎನ್ನಾಲಿಟ್ ಅಂತಲೂ ಹೆಸರಿಟ್ಟರು. ಅವರ ಒಂದು ಜಾಣ ಕೆಲಸ ಅಂದರೆ ಸಾಕೆಟ್ ಪದ್ಧತಿ. ಕ್ಯಾಮೆರಾಗೆ ಕೂರುವ ಬುಡ ಒಂದೇ, ಅದರ ಮೇಲೆ ಬೇರೆ ಬೇರೆ ಅಳತೆಯ ಲೆನ್ಸು ತಲೆಗಳನ್ನು ಬದಲಾಯಿಸಿಕೊಳ್ಳಬಹುದು. ಸಂತೆಯಲ್ಲಿ ಬುಡ ಇಲ್ಲದ ಬರೀ ತಲೆಗಳು ಅಗ್ಗಕ್ಕೆ ಸಿಗುತ್ತವೆ, ಅವಸರದಲ್ಲಿ ತಗೊಂಡುಬಿಡಬೇಡಿ, ಬುಡ ಇಲ್ಲದೆ ಅದರಿಂದ ಏನೂ ಮಾಡಲು ಆಗುವುದಿಲ್ಲ.

35 ಮಿಮೀಯಲ್ಲಿ ಎನ್ನಾ ಲಿಥಾಗಾನ್ ಎಫ್ 3.5, ಮೇಯರ್ ಪ್ರಿಮಾಗಾನ್ ಎಫ್ 4.5, ಶಾಖ್ಟ್ ಟ್ರಾವೆಗಾನ್ ಎಫ್ 3.5 ಮೂರನ್ನೂ ಹಾಕಿ ನೋಡಿದೆ. ಕನ್ನಡಿಗೆ ಜಾಗ ಬಿಡಬೇಕಾದ್ದರಿಂದ ಆ ಕಾಲದ ವೈಡ್ ಲೆನ್ಸುಗಳೆಲ್ಲ ಮುಂದೆ ಒಂದು ದೊಡ್ಡ ಗಾಜಿಟ್ಟು ಬೆಳಕನ್ನು ಹಿಂದಕ್ಕೆ ತಳ್ಳುವ ಜಾತಿಯವು. ಆ ವಿದ್ಯೆ ಆಗಿನ್ನೂ ಹೊಸದು. ಮೂರರಲ್ಲೂ ಪೂರ್ತಿ ತೆರೆದರೆ ಮೂಲೆ ಮಸುಕು, ಎಫ್ 8ರಲ್ಲಿ ಮೂರೂ ಚೆನ್ನಾಗಿವೆ. ಟ್ರಾವೆಗಾನ್ ಒಂದು ಕೈ ಮೇಲು. ಪ್ರಿಮಾಗಾನ್ ಪುಟ್ಟದು, ಜೇಬಿಗೆ ಹಿಡಿಸುತ್ತದೆ. ಲಿಥಾಗಾನ್ ಬಿಸಿಲಿಗೆ ಬೇಗ ಬಿಳಚುತ್ತದೆ, ಆದರೆ ಬರೀ 20 ಯೂರೋ. ಇಲ್ಲಿ ಜಾಸ್ತಿ ಹೇಳುವುದಕ್ಕೆ ಏನಿಲ್ಲ. 35 ಮಿಮೀ ಬೇಕಾದರೆ ನನ್ನ ಮಟ್ಟಿಗೆ ಈ ಕಾಲದ ಲೆನ್ಸೇ ಸರಿ.

ಕೊಳ್ಳುವಾಗ ಒಂದು ಮಾತು. ಇಲ್ಲಿ ಏಪ್ರಿಲ್‌ನ ವಸಂತ ಜಾತ್ರೆ ಸಮಯದಲ್ಲಿ ತೆರೇಸಿಯನ್‌ವೀಸೆ ಬಯಲಿನಲ್ಲಿ ಒಂದು ಶನಿವಾರ ದೊಡ್ಡ ಹಳೇ ಸಾಮಾನಿನ ಸಂತೆ ಸೇರುತ್ತದೆ. ಬೆಳಗಿನ ಜಾವವೇ ಹೋಗಬೇಕು. ಅಂಥ ಸಂತೆಗೇ ಹೋಗಿ ಕೈಯಲ್ಲಿ ಹಿಡಿದು ನೋಡಿ ತಗೊಳ್ಳಿ ಅಂತ ಹೇಳುವುದಕ್ಕೆ ಕಾರಣ ಇದೆ. ಒಬ್ಬ ಮಾರಾಟಗಾರ ಆನ್‌ಲೈನಿನಲ್ಲಿ "ಗಾಜು ಶುಭ್ರವಾಗಿದೆ" ಅಂತ ಬರೆದು ಕಳಿಸಿದ ಲೆನ್ಸಿನೊಳಗೆ ಜೇಡರ ಬಲೆಯಂಥ ಫಂಗಸ್ ಹರಡಿತ್ತು, ದುಡ್ಡು ವಾಪಸ್ ಬರಲಿಲ್ಲ. ಅವತ್ತಿನಿಂದ ಜೇಬಿನಲ್ಲಿ ಪುಟ್ಟ ಟಾರ್ಚ್ ಇಟ್ಟುಕೊಳ್ಳುತ್ತೇನೆ. ಲೆನ್ಸಿನ ಹಿಂದಿನಿಂದ ಬೆಳಕು ಬಿಟ್ಟು, ಮುಂದಿನಿಂದ ಓರೆಯಾಗಿ ನೋಡಿ. ನಾಲ್ಕು ಚುಕ್ಕಿ ಧೂಳಿದ್ದರೆ ಪರವಾಗಿಲ್ಲ, ಮಂಜಿನ ಹಾಗೆ ಪೂರ್ತಿ ಹರಡಿದ್ದರೆ ಬೇಡ. ಅಪರ್ಚರ್ ಬ್ಲೇಡುಗಳ ಮೇಲೆ ಎಣ್ಣೆ ಹೊಳೆಯುತ್ತಿದೆಯಾ ನೋಡಿ, ಫೋಕಸ್ ಉಂಗುರ ಈ ತುದಿಯಿಂದ ಆ ತುದಿಗೆ ತಿರುಗಿಸಿ. ಹಳೇ ಗ್ರೀಸ್ ಒಣಗಿ ಬಿಗಿಯಾಗಿದ್ದರೆ ಬಿಚ್ಚಿ ಶುಚಿ ಮಾಡಿಸುವ ಖರ್ಚು ಲೆನ್ಸಿನ ಬೆಲೆಗಿಂತ ಜಾಸ್ತಿ ಆಗಬಹುದು.

ಗೆಳೆಯರು ಕೇಳುವುದು ಕೊನೆಗೆ ಒಂದೇ, ಯಾವುದು ತಗೊಳ್ಳಲಿ? 30 ಯೂರೋ ಇದ್ದರೆ ಕಸ್ಸಾರ್ ಎಸ್ ತಗೊಳ್ಳಿ, ಟ್ರಿಯೋಪ್ಲಾನ್ ಆಸೆಯ ಮುಕ್ಕಾಲು ಭಾಗ ಅದರಲ್ಲೇ ತೀರುತ್ತದೆ. ಮನೆಯವರ ಮುಖ ತೆಗೆಯುವ ಆಸೆ ಇದ್ದರೆ ಕುಲ್ಮಿನಾರ್ 85. ಊರಲ್ಲಿ ಚಿಕ್ಕಪ್ಪನದೋ ಮಾವನದೋ ಪ್ರಾಕ್ಟಿಕಾ ಇದ್ದರೆ ಮೊದಲು ಅದರ ಮೇಲಿನ ಪೆಂಟಕಾನ್ 50 ಬಿಚ್ಚಿ ತನ್ನಿ, ಅಡಾಪ್ಟರಿಗೆ ಬಿಟ್ಟು ಇನ್ನೊಂದು ಪೈಸೆ ಖರ್ಚಿಲ್ಲದೆ ಗೋರ್ಲಿಟ್ಸ್‌ನ ಲೆನ್ಸು ಕೈಗೆ ಬಂದ ಹಾಗೆ. ಒಂದೇ ಲೆನ್ಸು ಇಟ್ಟುಕೊಂಡು ಮಿಕ್ಕದ್ದೆಲ್ಲ ಕೊಟ್ಟುಬಿಡು ಅಂದರೆ ನಾನು ಇಟ್ಟುಕೊಳ್ಳುವುದು ಎಂ-ಟ್ರಾವೆನಾರ್. ಈಗಲೂ ಕ್ಯಾಮೆರಾ ಮೇಲೆ ಅದೇ ಇದೆ, ನಾಳೆ ಕೊತ್ತಂಬರಿ ಬೀಜದ ಸರದಿ.